ಮಿನಾಕ್ಸಿಡಿಲ್ ಹಚ್ಚಿದ್ರೂ ಕೂದಲು ಉದುರ್ತಿದೆ: ಡೋಸು ತಪ್ಪೋ, ಅವಧಿ ಸಾಲದೋ, ಕಾಯಿಲೆಯೇ ಬೇರೆಯೋ?

ಔಷಧಿ_ಕೌಂಟರ್ (ಮೈಸೂರು)

ಮಿನಾಕ್ಸಿಡಿಲ್ 5% ತಗೊಂಡು ಹೋದವರು ಎರಡು ಮೂರು ತಿಂಗಳಿಗೆ ಬಂದು "ಇದು ವೇಸ್ಟು, ಬೇರೆ ಕಂಪನಿದು ಕೊಡಿ" ಅನ್ನೋದು ಮಾಮೂಲು. ಕಂಪನಿ ಬದಲಾಯಿಸೋ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಒಂದು ಬಾಟಲಿ ಎಷ್ಟು ದಿನ ಬಂತು? ಬಾಟಲಿ 60 ಮಿಲಿ. ಗಂಡಸರಿಗೆ ಸಾಮಾನ್ಯ ಡೋಸು ಬೆಳಿಗ್ಗೆ 1 ಮಿಲಿ, ರಾತ್ರಿ 1 ಮಿಲಿ. ಅಂದ್ರೆ ಸರಿಯಾಗಿ 30 ದಿನಕ್ಕೆ ಮುಗೀಬೇಕು. ಎರಡು ತಿಂಗಳು ಬಂದಿದ್ರೆ ನೀವು ಅರ್ಧ ಡೋಸು ಹಚ್ಚಿದ್ದೀರಿ, ಅಷ್ಟೇ.

ಹಚ್ಚೋ ಕ್ರಮ ಹೀಗೆ. ತಲೆ ಪೂರ್ತಿ ಒಣಗಿರಲಿ. ಡ್ರಾಪರಿನಲ್ಲಿ 1 ಮಿಲಿ ಗೆರೆವರೆಗೆ ಎಳೆದುಕೊಳ್ಳಿ. ಬಾಚಣಿಗೆಯಿಂದ ನಾಲ್ಕೈದು ಬೈತಲೆ ತೆಗೆದು, ಒಂದೊಂದು ಗೆರೆ ಉದ್ದಕ್ಕೂ ಚರ್ಮದ ಮೇಲೆ ಹನಿ ಬಿಡಿ, ಬೆರಳ ತುದಿಯಿಂದ ಹರಡಿ. ಉಜ್ಜಿ ಮಸಾಜ್ ಮಾಡೋ ಅಗತ್ಯ ಇಲ್ಲ. ಕೈಯನ್ನ ಸೋಪು ಹಾಕಿ ತೊಳೀರಿ, ಇಲ್ಲಾಂದ್ರೆ ಅದೇ ಕೈ ಹಣೆ, ಕೆನ್ನೆ ಮುಟ್ಟಿ ಅಲ್ಲೂ ನವಿರು ಕೂದಲು ಬರುತ್ತೆ. ನಾಲ್ಕು ಗಂಟೆ ತಲೆಗೆ ನೀರು ಬೇಡ. ರಾತ್ರಿ ಡೋಸನ್ನ ಮಲಗೋಕೆ ಎರಡು ಗಂಟೆ ಮುಂಚೆ ಮುಗಿಸಿ, ಇಲ್ಲಾಂದ್ರೆ ಔಷಧಿ ದಿಂಬಿಗೆ ಹೋಗುತ್ತೆ. ದ್ರಾವಣದಲ್ಲಿ ಆಲ್ಕೋಹಾಲ್ ಇರೋದ್ರಿಂದ ಹಚ್ಚಿದ ಕೂಡಲೇ ಒಲೆ ಮುಂದೆ, ದೇವರ ದೀಪದ ಮುಂದೆ ಬಗ್ಗಬೇಡಿ.

ಸ್ಪ್ರೇ ಮುಚ್ಚಳ ಸುಲಭ ಅನ್ಸುತ್ತೆ, ಆದ್ರೆ ಕೂದಲು ದಟ್ಟ ಇರೋ ಕಡೆ ಅರ್ಧ ಔಷಧಿ ಕೂದಲಿಗೇ ಅಂಟಿ ಒಣಗುತ್ತೆ. ಕೂದಲಿಗೆ ಹಚ್ಚಿದ್ದು ಲೆಕ್ಕಕ್ಕಿಲ್ಲ, ಚರ್ಮಕ್ಕೆ ಇಳಿದಿದ್ದೇ ಲೆಕ್ಕ. ಇನ್ನೊಂದು, ಬೆಳಿಗ್ಗೆ ಬಾಚಿದಾಗ ಬಿಳಿ ಪುಡಿ ಉದುರಿದ್ರೆ ಅದನ್ನ ತಲೆಹೊಟ್ಟು ಅಂದ್ಕೊಂಡು ಗಾಬರಿ ಆಗ್ತಾರೆ. ಬಹಳ ಸಲ ಅದು ಆಲ್ಕೋಹಾಲ್ ಆರಿದ ಮೇಲೆ ಉಳಿದ ಮಿನಾಕ್ಸಿಡಿಲ್ ಹರಳು.

ಬೈತಲೆ

ಹೆಂಗಸರ ಲೆಕ್ಕ ಬೇರೆ ಅಲ್ವಾ ಸರ್? ಬೈತಲೆ ಅಗಲ ಆಗ್ತಿದೆ ಅಂತ ಹೋದವರಿಗೆ ಕೆಲವು ಕಡೆ 2% ಕೊಡ್ತಾರೆ, ಕೆಲವು ಕಡೆ 5%. ಜೊತೆಗೆ ಎಣ್ಣೆ ಪ್ರಶ್ನೆ. ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಾಕಿ ತಲೆಸ್ನಾನ ಮಾಡೋ ಮನೆಗಳಲ್ಲಿ ಇದನ್ನ ಹೊಂದಿಸೋದು ಹೇಗೆ? ಮುಖ್ಯವಾಗಿ, ಹಚ್ಚೋಕೆ ಶುರು ಮಾಡಿದ ಮೇಲೆ ಇನ್ನೂ ಜಾಸ್ತಿ ಉದುರುತ್ತಲ್ಲ, ಅಲ್ಲಿಗೇ ಅರ್ಧ ಜನ ನಿಲ್ಲಿಸಿಬಿಡ್ತಾರೆ.

ಔಷಧಿ_ಕೌಂಟರ್

ಹೆಂಗಸರಿಗೆ 2% ಆದ್ರೆ ದಿನಕ್ಕೆ ಎರಡು ಸಲ 1 ಮಿಲಿ. 5% ಫೋಮ್ ಆದ್ರೆ ದಿನಕ್ಕೆ ಒಂದೇ ಸಲ, ಮುಚ್ಚಳದ ಅರ್ಧದಷ್ಟು. 5% ಅನ್ನ ಎರಡು ಸಲ ಹಚ್ಚಿದ್ರೆ ಮುಖದ ಮೇಲೆ ಕೂದಲು ಬರೋ ಸಾಧ್ಯತೆ ಏರುತ್ತೆ. ಎಣ್ಣೆಯನ್ನ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಹಾಕಿ, ಶಾಂಪೂ ಅಥವಾ ಸೀಗೆಕಾಯಿಯಿಂದ ತೆಗೀರಿ, ತಲೆ ಒಣಗಿದ ಮೇಲೆ ಔಷಧಿ ಹಚ್ಚಿ. ಎಣ್ಣೆ ಮೇಲೆ ಔಷಧಿ ಹಚ್ಚಬೇಡಿ.

ಉದುರೋ ವಿಷಯ ಡಾಕ್ಟ್ರು ಹೇಳಲಿ.

ಚರ್ಮದ_ಡಾಕ್ಟರ್ (ಹುಬ್ಬಳ್ಳಿ)

ಹೇಳ್ತೀನ್ರಿ. ತಲಿಯೊಳಗಿನ ಕೂದಲು ಎಲ್ಲಾ ಒಂದೇ ಹಂತದಾಗ ಇರೂದಿಲ್ಲ. 85ರಿಂದ 90% ಬೆಳೆಯೋ ಹಂತ, ಉಳಿದದ್ದರಾಗ ಬಹುಪಾಲು ವಿಶ್ರಾಂತಿ ಹಂತ. ವಿಶ್ರಾಂತಿ ಹಂತದ ಕೂದಲು ಬುಡದಿಂದ ಸಡಿಲ ಆಗೇ ಇರ್ತದ, ಎರಡು ಮೂರು ತಿಂಗಳಾಗ ಹೆಂಗೂ ಬೀಳೂದು. ಮಿನಾಕ್ಸಿಡಿಲ್ ಆ ಬುಡಗಳನ್ನ ಲಗೂನ ಬೆಳವಣಿಗೆ ಹಂತಕ್ಕ ತಳ್ತದ, ಹಳೇ ಕೂದಲು ಒಮ್ಮೆಲೆ ಬೀಳ್ತದ. ಶುರು ಮಾಡಿದ 2ರಿಂದ 8 ವಾರದೊಳಗ ಇದು ಕಾಣ್ತದ. ಆ ಹೊತ್ತಿಗೆ ನಿಲ್ಲಿಸಿದವರಿಗೆ ಉದುರಿದ್ದಷ್ಟೇ ಲಾಭ.

ಆದರ ಎಂಟು ವಾರ ದಾಟಿ, ಮೂರನೇ ತಿಂಗಳಾಗೂ ಅದೇ ರಭಸದಾಗ ಉದುರ್ತಿದ್ರ "ಇದು ಔಷಧಿ ಶೆಡ್ಡಿಂಗ್" ಅಂತ ಸಮಾಧಾನ ಮಾಡ್ಕೊಂಡು ಕೂಡಬ್ಯಾಡ್ರಿ. ತುರಿಕೆ, ಕೆಂಪು ಇದ್ರ ಪ್ರೊಪಿಲೀನ್ ಗ್ಲೈಕಾಲ್ ಅಲರ್ಜಿ ಇರಬಹುದು. ದ್ರಾವಣದಾಗ ಅದು ಇರ್ತದ, ಫೋಮ್‌ನಾಗ ಇರೂದಿಲ್ಲ. ಫೋಮ್‌ಗೂ ತುರಿಕೆ ಬಂದ್ರ ಮಿನಾಕ್ಸಿಡಿಲ್‌ಗೇ ಅಲರ್ಜಿ ಇರಬಹುದು, ಪ್ಯಾಚ್ ಟೆಸ್ಟ್ ಮಾಡಿಸ್ಬೇಕು.

ಕೆಲವರಿಗೆ ಎಲ್ಲಾ ಸರಿ ಮಾಡಿದ್ರೂ ಕೆಲಸ ಆಗೂದಿಲ್ಲ. ಮಿನಾಕ್ಸಿಡಿಲ್ ತಾನಾಗೇ ಔಷಧಿ ಅಲ್ಲ. ಕೂದಲ ಬುಡದಾಗಿನ ಸಲ್ಫೋಟ್ರಾನ್ಸ್‌ಫರೇಸ್ ಅನ್ನೋ ಕಿಣ್ವ ಅದನ್ನ ಮಿನಾಕ್ಸಿಡಿಲ್ ಸಲ್ಫೇಟ್ ಮಾಡಿದ ಮೇಲೆ ಕೆಲಸ ಶುರು. ಆ ಕಿಣ್ವ ಕಮ್ಮಿ ಇದ್ದವರಿಗೆ 5% ಹೋಗಿ 10% ಹಚ್ಚಿದ್ರೂ ಸಿಗೂದು ಉರಿ ಮಾತ್ರ.

ಶೇಕಡಾವಾರು

ಅವಧಿ ಬಗ್ಗೆ ಒಂದು ಮಾತು. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತೆ. ಇವತ್ತು ಬುಡ ಎಚ್ಚರಾದರೂ ಕನ್ನಡಿಯಲ್ಲಿ ವ್ಯತ್ಯಾಸ ಕಾಣೋಕೆ ನಾಲ್ಕು ತಿಂಗಳು ಬೇಕು. ಹಾಗಾಗಿ ತೀರ್ಮಾನ 6 ತಿಂಗಳಿಗೆ, ಪೂರ್ತಿ ಫಲಿತಾಂಶ 12 ತಿಂಗಳಿಗೆ. ಕನ್ನಡಿ ಮತ್ತು ಬಾತ್‌ರೂಮ್ ಜಾಲರಿ ಎರಡನ್ನೂ ನಂಬಬೇಡಿ. ಮೂರು ತಿಂಗಳಿಗೊಮ್ಮೆ ಫೋಟೋ ತೆಗೀರಿ: ಒಣ ಕೂದಲು, ಅದೇ ಬೈತಲೆ, ಅದೇ ಕಿಟಕಿ ಬೆಳಕು, ಅದೇ ದೂರ, ಫ್ಲ್ಯಾಶ್ ಇಲ್ಲದೆ. ಒದ್ದೆ ಕೂದಲಿನ "ಮೊದಲು", ಒಣಗಿಸಿ ಬಾಚಿದ "ನಂತರ" ಜಾಹೀರಾತಿಗೆ ಸರಿ.

ಜಾಹೀರಾತಿನ ಶೇಕಡಾ ಲೆಕ್ಕ ಬಿಚ್ಚೋದೂ ಕಲೀಬೇಕು. 2002ರಲ್ಲಿ ಪ್ರಕಟವಾದ, 393 ಗಂಡಸರ ಮೇಲೆ 48 ವಾರ ನಡೆದ ಪ್ರಯೋಗದಿಂದ ಬಂದ ವಾಕ್ಯ, "2%ಗಿಂತ 5%ನಲ್ಲಿ 45% ಹೆಚ್ಚು ಕೂದಲು". ಒಳಗೆ ನೋಡಿದ್ರೆ ಪ್ರತಿ ಚದರ ಸೆಂ.ಮೀ.ಗೆ 5% ಗುಂಪಿನಲ್ಲಿ ಸರಾಸರಿ 18.6 ಕೂದಲು ಹೆಚ್ಚಿತು, 2% ಗುಂಪಿನಲ್ಲಿ 12.7, ಔಷಧಿ ಇಲ್ಲದ ಬರೀ ದ್ರಾವಣ ಹಚ್ಚಿದವರಲ್ಲಿ 3.9. 5% ಮತ್ತು 2% ನಡುವಿನ ವ್ಯತ್ಯಾಸ ಸುಮಾರು 6 ಕೂದಲು. ಅದು ನಿಜವಾದ ವ್ಯತ್ಯಾಸವೇ, ಸುಳ್ಳಲ್ಲ. ಆದ್ರೆ "45%" ಅಂತ ಕೇಳಿದಾಗ ತಲೆಯಲ್ಲಿ ಮೂಡೋ ಚಿತ್ರ ಅದಲ್ಲ. "ಇಷ್ಟು ಪಟ್ಟು ಹೆಚ್ಚು" ಅಂತ ಎಲ್ಲಿ ಬಂದರೂ, ಚದರ ಸೆಂ.ಮೀ.ಗೆ ಎಷ್ಟು ಕೂದಲು ಅಂತ ಹುಡುಕಿ.

ರೋಸ್‌ಮೇರಿ ಎಣ್ಣೆ ಕೇಳೋವರಿಗೂ ಅದೇ ಉತ್ತರ. 2015ರ ಇರಾನಿನ ಪ್ರಯೋಗದಲ್ಲಿ 100 ಜನ, ಅರ್ಧಕ್ಕೆ ರೋಸ್‌ಮೇರಿ, ಅರ್ಧಕ್ಕೆ 2% ಮಿನಾಕ್ಸಿಡಿಲ್. ಮೂರು ತಿಂಗಳಿಗೆ ಎರಡರಲ್ಲೂ ಏನೂ ಇಲ್ಲ, ಆರು ತಿಂಗಳಿಗೆ ಎರಡರಲ್ಲೂ ಚೂರು ಏರಿಕೆ. ಏನೂ ಹಚ್ಚದ ಮೂರನೇ ಗುಂಪೇ ಇರಲಿಲ್ಲ. ಅದನ್ನ "ಮಿನಾಕ್ಸಿಡಿಲ್‌ಗೆ ಸಮ" ಅಂತ ಮಾರ್ತಿದ್ದಾರೆ.

ಸಾಗರದಾಚೆ (ನ್ಯೂಜೆರ್ಸಿ)

ಗಂಡಸರ ವಂಶಪಾರಂಪರ್ಯ ಬೋಳಿಗೆ ಮೂಲ ಔಷಧಿ ಫಿನಾಸ್ಟರೈಡ್ ಅಲ್ವಾ? ಇಲ್ಲಿ ಆನ್‌ಲೈನ್ ಕ್ಲಿನಿಕ್‌ಗಳು ಫಿನಾಸ್ಟರೈಡ್ ಬೆರೆಸಿದ ಸ್ಪ್ರೇ ಮನೆಗೇ ಕಳಿಸ್ತವೆ, "ಹಚ್ಚೋದು, ಹಾಗಾಗಿ ಅಡ್ಡಪರಿಣಾಮ ಇಲ್ಲ" ಅಂತ. 2025ರ ಏಪ್ರಿಲ್‌ನಲ್ಲಿ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟ ಮೇಲೆ ಗೊಂದಲ.

ಚರ್ಮದ_ಡಾಕ್ಟರ್ (ಹುಬ್ಬಳ್ಳಿ)

ಹಚ್ಚಿದ್ದು ರಕ್ತಕ್ಕ ಹೋಗೂದಿಲ್ಲ ಅನ್ನೋದು ತಪ್ಪು. ಕಮ್ಮಿ ಹೋಗ್ತದ, ಅಷ್ಟ. ಎಫ್‌ಡಿಎ ಹೇಳಿದ್ದೂ ಅದನ್ನ: ಹಂಗ ಬೆರೆಸಿ ಕೊಡೋ ದ್ರಾವಣಗಳಿಗೆ ಅದರ ಅನುಮೋದನೆ ಇಲ್ಲ, ಮಾತ್ರೆಯ ಅಡ್ಡಪರಿಣಾಮಗಳೇ ಅವುಗಳಿಂದಲೂ ವರದಿ ಆಗ್ಯಾವ.

ಮಾತ್ರೆ ವಿಚಾರ. ಟೆಸ್ಟೋಸ್ಟೆರೋನ್ ಅನ್ನ ಡಿಎಚ್‌ಟಿ (ಕೂದಲ ಬುಡ ಸೊರಗಿಸೋ ಹಾರ್ಮೋನ್) ಮಾಡೋ ಕಿಣ್ವ 5-ಆಲ್ಫಾ ರಿಡಕ್ಟೇಸ್. ಹುಟ್ಟಿನಿಂದ ಆ ಕಿಣ್ವದ ಎರಡನೇ ಬಗೆ ಇಲ್ಲದ ಕುಟುಂಬಗಳನ್ನ ಡೊಮಿನಿಕನ್ ರಿಪಬ್ಲಿಕ್‌ನಾಗ ಗುರುತಿಸಿ 1974ರಾಗ ವರದಿ ಮಾಡಿದ್ರು. ಅಲ್ಲಿನ ಆ ಗಂಡಸರಿಗೆ ಬೋಳು ಬರ್ತಿರಲಿಲ್ಲ, ಪ್ರಾಸ್ಟೇಟ್ ಸಣ್ಣದಿರ್ತಿತ್ತು. ಫಿನಾಸ್ಟರೈಡ್ ಹುಟ್ಟಿದ್ದು ಆ ಜಾಡಿನಿಂದ, ಅದು ಆ ಎರಡನೇ ಬಗೆಯನ್ನ ತಡೀತದ. 5 ಮಿ.ಗ್ರಾಂ. ಪ್ರಾಸ್ಟೇಟ್‌ಗೆ 1992ರಾಗ, 1 ಮಿ.ಗ್ರಾಂ. ಕೂದಲಿಗೆ 1997ರ ಡಿಸೆಂಬರ್‌ದಾಗ ಅಮೆರಿಕದಾಗ ಒಪ್ಪಿಗೆ ಪಡೀತು. ರಕ್ತದಾಗಿನ ಡಿಎಚ್‌ಟಿ ಸುಮಾರು 70% ಇಳೀತದ. ಡ್ಯೂಟಾಸ್ಟರೈಡ್ ಅನ್ನೋ ಇನ್ನೊಂದು ಮಾತ್ರೆ ಎರಡೂ ಬಗೆ ಕಿಣ್ವ ತಡೀತದ, 90% ಮೇಲೆ ಇಳಿಸ್ತದ. ಕೂದಲಿಗಂತ ಅದಕ್ಕ ದಕ್ಷಿಣ ಕೊರಿಯಾ 2009ರಾಗ, ಜಪಾನ್ 2015ರಾಗ ಒಪ್ಪಿಗೆ ಕೊಟ್ಟಾವ. ಅಮೆರಿಕ ಕೊಟ್ಟಿಲ್ಲ.

ಶೇಕಡಾವಾರು

ಫಿನಾಸ್ಟರೈಡ್‌ನ ಮೂಲ ಪ್ರಯೋಗದ ಅಂಕಿಗಳು ಗೊತ್ತಿದ್ದರೆ ನಿರೀಕ್ಷೆ ಹಿಡಿತದಲ್ಲಿ ಇರುತ್ತೆ. 18ರಿಂದ 41 ವಯಸ್ಸಿನ 1,553 ಗಂಡಸರು, ನೆತ್ತಿಯ ಮೇಲೆ ಒಂದು ಇಂಚು ವ್ಯಾಸದ ವೃತ್ತ. ಶುರುವಿನಲ್ಲಿ ಸರಾಸರಿ 876 ಕೂದಲು. ಒಂದು ವರ್ಷಕ್ಕೆ ಮಾತ್ರೆ ಮತ್ತು ಸುಳ್ಳು ಮಾತ್ರೆ (ಔಷಧಿ ಇಲ್ಲದ್ದು) ಗುಂಪುಗಳ ನಡುವೆ 107 ಕೂದಲಿನ ಅಂತರ, ಎರಡು ವರ್ಷಕ್ಕೆ 138. ಈ ಅಂತರ ಹಿಗ್ಗಿದ್ದರಲ್ಲಿ ಒಂದು ಭಾಗ ಸುಳ್ಳು ಮಾತ್ರೆಯವರು ಕಳೆದುಕೊಳ್ತಾ ಹೋದದ್ದು. ಅಂದ್ರೆ ಈ ಮಾತ್ರೆಯ ದೊಡ್ಡ ಕೆಲಸ ಇರೋದನ್ನ ಉಳಿಸೋದು. ಹದಿನೆಂಟನೇ ವಯಸ್ಸಿನ ಹಣೆಗೆರೆ ವಾಪಸ್ ಬರುತ್ತೆ ಅಂತ ಕಾಯಬೇಡಿ.

ಅದೇ ಪ್ರಯೋಗಗಳ ಮೊದಲ ವರ್ಷದಲ್ಲಿ ಲೈಂಗಿಕ ಅಡ್ಡಪರಿಣಾಮ ಹೇಳಿದವರು 3.8%, ಸುಳ್ಳು ಮಾತ್ರೆಯಲ್ಲಿ 2.1%.

ಬೈತಲೆ

ಈ 3.8% ಹಿಡಿದುಕೊಂಡು "ಏನೂ ಆಗಲ್ಲ" ಅಂತ ಹೇಳೋದನ್ನ ನಾನು ಒಪ್ಪಲ್ಲ. 2025ರ ಮೇನಲ್ಲಿ ಯುರೋಪಿನ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿ ಆತ್ಮಹತ್ಯೆಯ ಆಲೋಚನೆಯನ್ನ ಫಿನಾಸ್ಟರೈಡ್ ಮಾತ್ರೆಗಳ ಅಡ್ಡಪರಿಣಾಮ ಅಂತ ದೃಢಪಡಿಸಿದೆ, ಹೆಚ್ಚಿನ ವರದಿಗಳು 1 ಮಿ.ಗ್ರಾಂ. ತಗೊಂಡವರಿಂದಲೇ. ಮಾತ್ರೆ ನಿಲ್ಲಿಸಿದ ಮೇಲೂ ತೊಂದರೆ ಮುಂದುವರಿದ ವರದಿಗಳಿವೆ.

ಶೇಕಡಾವಾರು

ನಾನೂ "ಆಗಲ್ಲ" ಅಂದಿಲ್ಲ. ಆದ್ರೆ ಇನ್ನೊಂದು ಅಂಕಿಯನ್ನೂ ಇಡ್ತೀನಿ. 2007ರ ಇಟಲಿಯ ಅಧ್ಯಯನದಲ್ಲಿ ಪ್ರಾಸ್ಟೇಟ್‌ಗೆ 5 ಮಿ.ಗ್ರಾಂ. ಪಡೆದವರಲ್ಲಿ ಲೈಂಗಿಕ ಅಡ್ಡಪರಿಣಾಮ ಇರಬಹುದು ಅಂತ ಮೊದಲೇ ಹೇಳಿಸಿಕೊಂಡವರಲ್ಲಿ 43.6% ಜನಕ್ಕೆ ಅದು ಬಂತು, ಹೇಳದವರಲ್ಲಿ 15.3%. ಎರಡು ಗುಂಪಿಗೂ ಒಂದೇ ಮಾತ್ರೆ.

ಚರ್ಮದ_ಡಾಕ್ಟರ್ (ಹುಬ್ಬಳ್ಳಿ)

ಅದಕ್ಕಂತ ಹೇಳದೇ ಕೊಡಾಕ ಬರೂದಿಲ್ರಿ. ಬೈತಲೆ ಮೇಡಂ ಮಾತಿಗೆ ನನ್ನ ಮತ. ಖಿನ್ನತೆ ಇದ್ದವರಿಗೆ, ಹಿಂದ ಆಗಿದ್ದವರಿಗೆ ಇದನ್ನ ಬರೆಯೋ ಮೊದಲು ಆ ಪ್ರಶ್ನೆ ಕೇಳಲೇಬೇಕು. ಶುರು ಮಾಡಿದ ಮೇಲೆ ಮನಸ್ಸು ಕುಗ್ಗಿತು ಅಂದ್ರ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರ್‌ಗೆ ಹೇಳ್ರಿ, ಮನೆಯವರಿಗೂ ಈ ವಿಷಯ ಗೊತ್ತಿರಲಿ. ಮಕ್ಕಳಿಗಾಗಿ ಪ್ರಯತ್ನದಾಗ ಇದ್ದವರು, ವೀರ್ಯಾಣು ಎಣಿಕೆ ಮೊದಲೇ ಕಮ್ಮಿ ಇದ್ದವರು ಮೊದಲೇ ಹೇಳ್ರಿ, ಬಿಟ್ಟಿರೋದು ಒಳ್ಳೇದು.

ಲ್ಯಾಬ್‌ಕೋಟು

ಫಿನಾಸ್ಟರೈಡ್ ತಗೊಳ್ಳೋರು ಲ್ಯಾಬಿಗೆ ಹೇಳದೇ ಬಿಡೋ ಎರಡು ವಿಷಯ. ಒಂದು, ಪಿಎಸ್‌ಎ (ಪ್ರಾಸ್ಟೇಟ್‌ನ ರಕ್ತಪರೀಕ್ಷೆ) ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತೆ. ಆರು ತಿಂಗಳ ಮೇಲೆ ತಗೊಂಡಿದ್ರೆ ಬಂದ ಅಂಕಿಯನ್ನ ಎರಡರಿಂದ ಗುಣಿಸಿ ಓದಬೇಕು. 50 ದಾಟಿದವರು ಇದನ್ನ ಮರೆತರೆ ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವು ತಪ್ಪಿಹೋಗಬಹುದು. ಎರಡು, ರಕ್ತದಾನ. ಫಿನಾಸ್ಟರೈಡ್ ಕೊನೆಯ ಮಾತ್ರೆಯಿಂದ ಒಂದು ತಿಂಗಳು, ಡ್ಯೂಟಾಸ್ಟರೈಡ್ ಆದ್ರೆ ಆರು ತಿಂಗಳು ಕೊಡಬಾರದು. ಆ ರಕ್ತ ಗರ್ಭಿಣಿಗೆ ಹೋದರೆ ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ಅಪಾಯ.

ಔಷಧಿ_ಕೌಂಟರ್

ಇದಕ್ಕೇ ಸೇರಿಸ್ತೀನಿ, ಇದು ನಮ್ಮ ದೇಶದಲ್ಲಿ ಬಹಳ ಮುಖ್ಯ. ಇಲ್ಲಿ ಸಿಗೋ ಎಷ್ಟೋ ಮಿನಾಕ್ಸಿಡಿಲ್ ಬಾಟಲಿಗಳಲ್ಲಿ 0.1% ಫಿನಾಸ್ಟರೈಡ್ ಬೆರೆತಿರುತ್ತೆ. ಡಬ್ಬಿಯ ಬಣ್ಣ ಅದೇ, ಹೆಸರಿನ ಕೊನೆಗೆ ಒಂದು ಅಕ್ಷರ ಮಾತ್ರ ಹೆಚ್ಚು. ಗಂಡನ ಬಾಟಲಿಯನ್ನ ಹೆಂಡತಿ, ಅಣ್ಣಂದನ್ನ ತಂಗಿ ಹಚ್ಚಿಕೊಳ್ಳೋದು ಸಾಮಾನ್ಯ. ಗರ್ಭಿಣಿ ಆಗಬಹುದಾದ ಯಾರೂ ಅದನ್ನ ಹಚ್ಚಬಾರದು. ಹಿಂದಿನ ಸಣ್ಣಕ್ಷರದ ಪಟ್ಟಿ ಓದಿ. ಮಾತ್ರೆಯನ್ನ ಚಾಕುವಲ್ಲಿ ತುಂಡು ಮಾಡೋ ಮನೆಗಳಲ್ಲಿ ಆ ಪುಡಿಯನ್ನ ಗರ್ಭಿಣಿಯರು ಮುಟ್ಟಬಾರದು.

ಬೈತಲೆ

ಕುಡಿಯೋ ಮಿನಾಕ್ಸಿಡಿಲ್, ಅಲ್ಲ, ನುಂಗೋ ಮಿನಾಕ್ಸಿಡಿಲ್ ಬಗ್ಗೆ? ಹಚ್ಚೋ ಜಂಜಾಟ ಬೇಡ ಅಂತ ಎಲ್ಲರೂ ಅದರ ಕಡೆ ವಾಲ್ತಿದ್ದಾರೆ.

ಚರ್ಮದ_ಡಾಕ್ಟರ್ (ಹುಬ್ಬಳ್ಳಿ)

ಅದು ಮೊದಲು ಬಂದದ್ದೇ ಬಿಪಿ ಮಾತ್ರೆಯಾಗಿ. ಮೈಮೇಲೆಲ್ಲಾ ಕೂದಲು ಬಂತು ಅನ್ನೋ ಅಡ್ಡಪರಿಣಾಮದಿಂದಲೇ 1988ರಾಗ ಹಚ್ಚೋ 2% ದ್ರಾವಣ ಅಮೆರಿಕದಾಗ ಒಪ್ಪಿಗೆ ಪಡೀತು. ಈಗ ಕೂದಲಿಗೆ ಸಣ್ಣ ಡೋಸು: ಹೆಂಗಸರಿಗೆ 0.25ರಿಂದ 2.5, ಗಂಡಸರಿಗೆ 2.5ರಿಂದ 5 ಮಿ.ಗ್ರಾಂ. ಕೂದಲಿಗಂತ ಅಧಿಕೃತ ಒಪ್ಪಿಗೆ ಇಲ್ಲ, ಡಾಕ್ಟರ್ ಜವಾಬ್ದಾರಿ ಮ್ಯಾಲ ಬರೀತಾರ. 1,404 ಜನರ ದಾಖಲೆ ನೋಡಿದ 2021ರ ಅಧ್ಯಯನದಾಗ ಬ್ಯಾರೆ ಕಡೆ ಕೂದಲು ಬಂದವರು 15.1%, ಅಡ್ಡಪರಿಣಾಮಕ್ಕ ನಿಲ್ಲಿಸಿದವರು 1.7%. ನನಗ ಕೇಳಿದ್ರ ಹಚ್ಚಾಕ ಬ್ಯಾಸರ ಇರೋರಿಗೆ ಒಳ್ಳೇ ದಾರಿ. ಆದರ ಹೃದಯ ವೈಫಲ್ಯ ಇದ್ದವರಿಗೆ, ಹೃದಯದ ಸುತ್ತ ನೀರು ತುಂಬಿದ್ದವರಿಗೆ ಬೇಡವೇ ಬೇಡ. ಕಾಲು ಬಾವು, ಎದಿ ಬಡಿತ, ಒಂದು ವಾರದಾಗ ಎರಡು ಕಿಲೋ ತೂಕ ಏರೋದು ಕಂಡ್ರ ನಿಲ್ಲಿಸಿ ತೋರಿಸ್ರಿ.

ಔಷಧಿ_ಕೌಂಟರ್

ಡಾಕ್ಟ್ರೇ, ದಾರಿ ಒಳ್ಳೇದೇ ಇರಬಹುದು. ಆದ್ರೆ ಚೀಟಿ ಇಲ್ಲದೆ, ವಿಡಿಯೋ ನೋಡಿ 5 ಮಿ.ಗ್ರಾಂ. ಕೇಳೋರಿಗೆ ಬಿಪಿ ಎಷ್ಟು ಅಂತ ಗೊತ್ತಿರಲ್ಲ. ಬಿಪಿಗೆ ಬೇರೆ ಮಾತ್ರೆ ನುಂಗ್ತಾ ಇರೋರು ಇದನ್ನೂ ನುಂಗಿ ಎದ್ದು ನಿಂತಾಗ ತಲೆ ಸುತ್ತಿ ಬೀಳೋದು ಕಲ್ಪನೆ ಅಲ್ಲ.

ಲ್ಯಾಬ್‌ಕೋಟು

ರಕ್ತಪರೀಕ್ಷೆ ಪಟ್ಟಿ ಕೇಳೋರಿಗೆ. ಹರಡಿಕೊಂಡು ಉದುರ್ತಿದ್ರೆ ಹಿಮೋಗ್ಲೋಬಿನ್ ಸಹಿತ ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ). ಸಸ್ಯಾಹಾರಿಗಳಿಗೆ ಬಿ12. ಹೆಂಗಸರಲ್ಲಿ ಮುಟ್ಟು ಏರುಪೇರಾಗಿ ಗಡ್ಡ ಮೀಸೆ ಕಾಣಿಸಿದ್ರೆ ಟೆಸ್ಟೋಸ್ಟೆರೋನ್ ಇತ್ಯಾದಿ. ಮೂವತ್ತು ನಲವತ್ತು ಪರೀಕ್ಷೆಗಳ "ಹೇರ್ ಪ್ಯಾಕೇಜ್" ಕೊಂಡುಕೊಳ್ಳೋ ಅಗತ್ಯ ಇಲ್ಲ.

ಹಿಮೋಗ್ಲೋಬಿನ್ 12 ಇದ್ರೂ ಫೆರಿಟಿನ್ 10 ಇರಬಹುದು. ಉಗ್ರಾಣ ಖಾಲಿ, ಅಂಗಡಿ ಮುಂದೆ ಮಾತ್ರ ಸಾಮಾನು. 30ಕ್ಕಿಂತ ಕೆಳಗಿದ್ರೆ ಕಬ್ಬಿಣದ ಕೊರತೆ. ಕೂದಲಿಗಾಗಿ ಕೆಲವು ವೈದ್ಯರು 40, 70 ದಾಟಿಸಬೇಕು ಅಂತಾರೆ, ಅಲ್ಲಿ ಒಮ್ಮತ ಇಲ್ಲ. ಜ್ವರ, ಸೋಂಕು ಇರುವಾಗ ಫೆರಿಟಿನ್ ಸುಳ್ಳೇ ಏರಿರುತ್ತೆ, ಜ್ವರ ಬಿಟ್ಟು ಕೆಲವು ವಾರ ಕಾದು ಮಾಡಿಸಿ.

ಕಬ್ಬಿಣದ ಮಾತ್ರೆ ವಿಫಲ ಆಗೋದಕ್ಕೆ ನಮ್ಮ ಕಾಫಿಯೇ ದೊಡ್ಡ ಕಾರಣ. ಮಾತ್ರೆಗೂ ಕಾಫಿ, ಟೀ, ಹಾಲಿಗೂ ಕನಿಷ್ಠ ಒಂದೆರಡು ಗಂಟೆ ಅಂತರ ಇರಲಿ. ನಿಂಬೆ ಶರಬತ್ತಿನ ಜೊತೆ ತಗೊಂಡ್ರೆ ಒಳ್ಳೇದು. ಥೈರಾಯ್ಡ್ ಮಾತ್ರೆ ತಗೊಳ್ಳೋರು ಎರಡರ ನಡುವೆ ನಾಲ್ಕು ಗಂಟೆ ಬಿಡಿ, ಇಲ್ಲಾಂದ್ರೆ ಥೈರಾಯ್ಡ್ ಮಾತ್ರೆಯೂ ಹಿಡಿಯಲ್ಲ. ಕಬ್ಬಿಣದ ಮಾತ್ರೆ ನುಂಗಿದ ದಿನ ಹೆಪ್ಸಿಡಿನ್ (ಕಬ್ಬಿಣದ ಹೀರಿಕೆ ತಡೆಯೋ ಹಾರ್ಮೋನ್) ಏರಿ ಮರುದಿನದ ಹೀರಿಕೆ ತಗ್ಗುತ್ತೆ, ಹಾಗಾಗಿ ಹೊಟ್ಟೆ ಕೆಡೋರಿಗೆ ದಿನ ಬಿಟ್ಟು ದಿನ ಕೊಡೋದೂ ಸರಿಯೇ. ಡಾಕ್ಟರ್ ಹತ್ರ ಕೇಳಿ.

ಕೂದಲಿಗೆ ಅಂತ ನುಂಗೋ ಬಯೋಟಿನ್ (ಒಂದು ಬಿ ವಿಟಮಿನ್) ಬಗ್ಗೆ ಎಚ್ಚರ. ಕೊರತೆ ಅಪರೂಪ, ಆದ್ರೂ 10 ಮಿ.ಗ್ರಾಂ. ಮಾತ್ರೆ ಎಲ್ಲರ ಮನೇಲೂ ಇದೆ. ಅನೇಕ ಯಂತ್ರಗಳ ಪರೀಕ್ಷಾ ವಿಧಾನದಲ್ಲಿ ಬಯೋಟಿನ್ನೇ ಒಂದು ಭಾಗ. ರಕ್ತದಲ್ಲಿ ಅದು ತುಂಬಿದ್ರೆ ಟಿಎಸ್‌ಎಚ್ ಸುಳ್ಳೇ ಕಡಿಮೆ, ಹೃದಯಾಘಾತ ಪತ್ತೆಯ ಟ್ರೋಪೋನಿನ್ ಕೂಡ ಸುಳ್ಳೇ ಕಡಿಮೆ ಬರಬಹುದು. ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ನಿಲ್ಲಿಸಿ. ಎದೆನೋವು ಅಂತ ತುರ್ತಿಗೆ ಹೋದಾಗ ತಗೊಳ್ತಿದ್ದೀವಿ ಅಂತ ಮೊದಲೇ ಹೇಳಿ.

ವಿಟಮಿನ್ ಎ, ಸೆಲೆನಿಯಂ ಜಾಸ್ತಿ ಆದ್ರೂ ಕೂದಲು ಉದುರುತ್ತೆ. 2025ರ ಆರಂಭದಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ಜನ ಬೋಳಾದಾಗ ಸಂಶಯ ಹೋಗಿದ್ದು ಸೆಲೆನಿಯಂ ಮೇಲೆ.

ಸಾಗರದಾಚೆ (ನ್ಯೂಜೆರ್ಸಿ)

ಬೆಂಗಳೂರಿಗೆ ಹೋದ ಮೇಲೆ ಉದುರೋಕೆ ಶುರು ಆಯ್ತು, ಬೋರ್‌ವೆಲ್ ನೀರಿನದೇ ಕಾರಣ ಅಂತ ಎಲ್ಲರ ಬಾಯಲ್ಲೂ ಕೇಳ್ತೀವಿ. ಶವರ್ ಫಿಲ್ಟರ್ ಹಾಕಿದ್ರೆ ಸರಿ ಹೋಗುತ್ತಾ?

ಚರ್ಮದ_ಡಾಕ್ಟರ್ (ಹುಬ್ಬಳ್ಳಿ)

ಉದುರಿದ ಕೂದಲಿನ ತುದಿ ನೋಡ್ರಿ. ಒಂದು ತುದಿಗೆ ಸಣ್ಣ ಬಿಳಿ ಗುಂಡು ಇದ್ರ ಅದು ಬುಡದಿಂದ ಬಂದದ್ದು. ಗುಂಡಿಲ್ಲದ ತುಂಡು ಇದ್ರ ನಡುವ ಮುರಿದದ್ದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮ್ಯಾಲ ಕೂತು ಒರಟು ಮಾಡ್ತದ, ಸೋಪು ನೊರೆ ಬರೂದಿಲ್ಲ, ಸಿಕ್ಕು ಆಗಿ ಮುರೀತದ. ಬುಡಕ್ಕ ಅದು ಏನೂ ಮಾಡೂದಿಲ್ಲ. ಹಂಗಾಗಿ ಬೋಳಿಗೆ ನೀರು ಕಾರಣ ಅಲ್ಲ. ಸಣ್ಣ ಶವರ್ ಫಿಲ್ಟರ್‌ಗಳು ಕ್ಲೋರಿನ್ ಸ್ವಲ್ಪ ತಡೀತಾವ, ಗಡಸುತನ ತೆಗೆಯೂದಿಲ್ಲ. ಅದಕ್ಕ ಉಪ್ಪು ಹಾಕೋ ಸಾಫ್ಟ್‌ನರ್ ಬೇಕು. ಇಲ್ಲಾಂದ್ರ ಕೊನೆಯ ಒಂದು ಚೊಂಬು ಕುಡಿಯೋ ನೀರಿನಿಂದ ತಲೆ ತೊಳದ್ರೂ ಸಾಕು.

ಊರು ಬದಲಾದ ಹೊತ್ತಿಗೆ ಬ್ಯಾರೆ ಏನೇನು ಬದಲಾತು ಕೇಳ್ರಿ. ಡೆಂಗಿ, ಟೈಫಾಯ್ಡ್, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಇವಾದ ಎರಡು ಮೂರು ತಿಂಗಳ ಮೇಲೆ ತಲೆ ತುಂಬ ಉದುರ್ತದ. ಕಾರಣ ಮುಗಿದು ಮರೆತ ಮೇಲೆ ಕೂದಲು ಬೀಳೋದರಿಂದ ಜನ ತಪ್ಪನ್ನ ಹೊಸ ಶಾಂಪೂ ಮ್ಯಾಲ ಹಾಕ್ತಾರ. ಇದು ಆರು ತಿಂಗಳಾಗ ತಾನೇ ಕಮ್ಮಿ ಆಗ್ತದ. ಹೆರಿಗೆ ನಂತರದ್ದು ಕೂಸಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಸುಧಾರಿಸ್ತದ. ಹಾಲೂಡಿಸೋರಿಗೆ ಮಿನಾಕ್ಸಿಡಿಲ್ ಬ್ಯಾಡ. ವಾರಕ್ಕೊಮ್ಮೆ ತಲೆ ತೊಳೆಯೋರಿಗೆ ಆರು ದಿನದ ಬಾಕಿ ಒಂದೇ ದಿನ ಬೀಳ್ತದ, ದಿನಕ್ಕ 100 ಅಂದ್ರೂ ಆ ದಿನ ಮುಷ್ಟಿ ತುಂಬ್ತದ, ಅದನ್ನ ಒಂದು ದಿನದ ಲೆಕ್ಕಕ್ಕ ಹಿಡೀಬ್ಯಾಡ್ರಿ.

ಬೈತಲೆ

ಬಿಗಿ ಜಡೆಯನ್ನೂ ಸೇರಿಸಿ. ಕಿವಿಯ ಮೇಲೆ, ಹಣೆಯ ಅಂಚಲ್ಲಿ ಮಾತ್ರ ತೆಳ್ಳಗಾಗಿ, ಅಂಚಿನಲ್ಲಿ ಸಣ್ಣ ಪುಕ್ಕದಂಥ ಕೂದಲು ಉಳಿದಿದ್ರೆ ಎಳೆತದಿಂದ ಆಗಿರೋದು. ಮೊದಲ ಒಂದೆರಡು ವರ್ಷದಲ್ಲಿ ಜಡೆ ಸಡಿಲ ಮಾಡಿದ್ರೆ ವಾಪಸ್ ಬರುತ್ತೆ, ತಡ ಮಾಡಿದ್ರೆ ಬುಡವೇ ಸಾಯುತ್ತೆ. ಭರತನಾಟ್ಯದ ಕೃತಕ ಜಡೆ, ಮದುವೆಯ ಮೊಗ್ಗಿನ ಜಡೆ ಒಂದು ದಿನಕ್ಕೆ ಪರವಾಗಿಲ್ಲ.

ಕೊಬ್ಬರಿ ಎಣ್ಣೆಗೆ ಒಂದು ನ್ಯಾಯ ಸಲ್ಲಬೇಕು: ಅದರ ಲಾರಿಕ್ ಆಮ್ಲ ಕೂದಲೆಳೆಯೊಳಗೆ ಇಳಿದು ಪ್ರೋಟೀನ್ ನಷ್ಟ ತಗ್ಗಿಸುತ್ತೆ ಅಂತ 2003ರಲ್ಲಿ ತೋರಿಸಿದ್ದಾರೆ (ತೋರಿಸಿದವರು ಕೊಬ್ಬರಿ ಎಣ್ಣೆ ಕಂಪನಿಯವರೇ ಅನ್ನೋದೂ ಗೊತ್ತಿರಲಿ). ಎಳೆಗೆ ಒಳ್ಳೇದು, ಬುಡದಿಂದ ಹುಟ್ಟಿಸಲ್ಲ. ತಲೆಹೊಟ್ಟು ಇರೋರು ರಾತ್ರಿಯಿಡೀ ಎಣ್ಣೆ ಬಿಡಬೇಡಿ, ತಲೆಹೊಟ್ಟಿನ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಕೀಟೊಕೊನಜೋಲ್ 2% ಶಾಂಪೂ ವಾರಕ್ಕೆರಡು ಸಲ, ನೊರೆ ಬರಿಸಿ 5 ನಿಮಿಷ ಬಿಟ್ಟು ತೊಳೀರಿ. ಹಚ್ಚಿದ ಕೂಡಲೇ ತೊಳೆದ್ರೆ ದುಡ್ಡು ಚರಂಡಿಗೆ.

ಕಡಲತಡಿ (ಮಂಗಳೂರು)

ಹೇರ್ ಟ್ರಾನ್ಸ್‌ಪ್ಲಾಂಟ್ ಬಗ್ಗೆ ಯಾರೂ ಬರೆದಿಲ್ಲ, ಆಪರೇಷನ್ ಥಿಯೇಟರ್ ಕಡೆಯಿಂದ ನೋಡುವವರ ಮಾತು ಇದು.

ಮೊದಲು ಲೆಕ್ಕ. ಒಂದು ಗ್ರಾಫ್ಟ್‌ನಲ್ಲಿ (ಹಿಂದಲೆಯಿಂದ ತೆಗೆದು ನೆಡುವ ಬುಡಸಹಿತ ಗೊಂಚಲು) 1ರಿಂದ 4 ಕೂದಲು, ಸರಾಸರಿ ಎರಡರ ಆಸುಪಾಸು. ನೋಡಲು ದಟ್ಟ ಅನ್ನಿಸಬೇಕಾದರೆ ಚದರ ಸೆಂ.ಮೀ.ಗೆ 40 ಗ್ರಾಫ್ಟ್ ಬೇಕು. ಹಣೆಯಿಂದ ನೆತ್ತಿವರೆಗೆ ಹೋದವರ ಬೋಳು 200 ಚ.ಸೆಂ.ಮೀ. ಇದ್ದರೆ 8,000 ಗ್ರಾಫ್ಟ್ ಬೇಕಾಗುತ್ತದೆ. ಹಿಂದಲೆಯಿಂದ ಜೀವಮಾನದಲ್ಲಿ ತೆಗೆಯಬಹುದಾದದ್ದು ಹೆಚ್ಚಿನವರಲ್ಲಿ 6,000 ದಾಟುವುದು ಕಷ್ಟ. ಆದ್ದರಿಂದ "ಪೂರ್ತಿ ತಲೆ ತುಂಬಿಸುತ್ತೇವೆ" ಎಂದವರಿಂದ ಎದ್ದು ಬನ್ನಿ. 22ರ ಹುಡುಗನಿಗೆ ಹಣೆಗೆರೆ ಕೆಳಗಿಳಿಸಿ ಕೊಟ್ಟರೆ, ಅದರ ಹಿಂದಿನ ಸ್ವಂತ ಕೂದಲು ಹೋಗುತ್ತಾ ಹೋದಂತೆ ಮುಂದೆ ಒಂದು ಪಟ್ಟಿ, ಹಿಂದೆ ಬಯಲು. ಅದಕ್ಕೇ ಔಷಧಿ ಆಮೇಲೂ ಮುಂದುವರಿಯಬೇಕು.

ಎರಡನೆಯದು ಜೀವದ ಪ್ರಶ್ನೆ. ಮರಗಟ್ಟಿಸಲು ಲಿಡೋಕೇಯ್ನ್ ಕೊಡುತ್ತಾರೆ. ಅಡ್ರಿನಲಿನ್ ಬೆರೆಸಿದ್ದಾದರೆ ಮಿತಿ ಕಿಲೋಗೆ 7 ಮಿ.ಗ್ರಾಂ. 60 ಕಿಲೋ ಇದ್ದವರಿಗೆ 420 ಮಿ.ಗ್ರಾಂ., ಅಂದರೆ 2% ಲಿಡೋಕೇಯ್ನ್ 21 ಮಿಲಿ. ಎಂಟು ಗಂಟೆಯ ಕೆಲಸದಲ್ಲಿ ಮತ್ತೆ ಮತ್ತೆ ಚುಚ್ಚುವಾಗ ಯಾರೂ ಲೆಕ್ಕ ಬರೆಯದಿದ್ದರೆ ಈ ಗೆರೆ ದಾಟುತ್ತದೆ. ತುಟಿ ಜೋಮು, ಕಿವಿಯಲ್ಲಿ ಗುಂಯ್ ಶಬ್ದ, ಬಾಯಲ್ಲಿ ಲೋಹದ ರುಚಿ, ಆಮೇಲೆ ಫಿಟ್ಸ್, ಹೃದಯ ಸ್ತಂಭನ. ಆಗ ಬೇಕಾದದ್ದು ಆಮ್ಲಜನಕ, ಡಿಫಿಬ್ರಿಲೇಟರ್, 20% ಲಿಪಿಡ್ ಎಮಲ್ಷನ್. ಕ್ಲಿನಿಕ್‌ನಲ್ಲಿ ಈ ಮೂರು ಇದೆಯೇ ಎಂದು ನೇರ ಕೇಳಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ: ಯೂಟ್ಯೂಬ್ ಅಥವಾ ಕಾರ್ಯಾಗಾರ ನೋಡಿ ಕಲಿತದ್ದು ತರಬೇತಿ ಅಲ್ಲ. ಆಪರೇಷನ್ ಪೂರ್ತಿ ಯಾರು ಮಾಡುತ್ತಾರೆ, ಅವರ ನೋಂದಣಿ ಸಂಖ್ಯೆ ಏನು, ಬರೆದು ಕೊಡಲಿ.

ನೆಟ್ಟ ಕೂದಲು 2ರಿಂದ 6 ವಾರದಲ್ಲಿ ಉದುರಿಹೋಗುತ್ತದೆ. ಬುಡ ಒಳಗಿರುತ್ತದೆ, 3–4 ತಿಂಗಳಿಗೆ ಮೊಳೆಯುತ್ತದೆ, 12 ತಿಂಗಳಿಗೆ ಅಂತಿಮ ರೂಪ.

ಶೇಕಡಾವಾರು

ಪಿಆರ್‌ಪಿ?

ಚರ್ಮದ_ಡಾಕ್ಟರ್ (ಹುಬ್ಬಳ್ಳಿ)

10–20 ಮಿಲಿ ರಕ್ತ ತಗದು, ತಿರುಗಿಸಿ, ಪ್ಲೇಟ್‌ಲೆಟ್ ಇರೋ ಭಾಗ ತಲೆಗೆ ಚುಚ್ಚೋದು, ತಿಂಗಳಿಗೊಂದರಂಗ ಮೂರು ಸಲ. ಒಬ್ಬೊಬ್ಬರ ಯಂತ್ರ, ವೇಗ, ಸಾಂದ್ರತೆ ಬ್ಯಾರೆ ಬ್ಯಾರೆ. ಹಂಗಾಗಿ ಒಂದು ಅಧ್ಯಯನ ಇನ್ನೊಂದಕ್ಕ ಹೊಂದೂದಿಲ್ಲ. ಕೆಲವರಿಗೆ ಉಪಯೋಗ ಅದ, ಆದರ ಮಿನಾಕ್ಸಿಡಿಲ್ ಬದಲಿಗೆ ಅಲ್ಲ, ಜೊತೆಗೆ. ದುಡ್ಡು ಮಿತಿ ಇದ್ದವರು ಅದನ್ನ ಒಂದು ವರ್ಷದ ಔಷಧಿಗೆ ಇಟ್ಕೋರಿ.

ಬೈತಲೆ

"ಹುಳ ತಿಂದಿದೆ" ಅಂತಾರಲ್ಲ, ನಾಣ್ಯದಷ್ಟು ಗುಂಡಗೆ ನುಣ್ಣಗಾಗೋದು, ಅದಕ್ಕೆ ಇದ್ಯಾವುದೂ ಹೊಂದಲ್ಲ ಅಲ್ವಾ?

ಚರ್ಮದ_ಡಾಕ್ಟರ್ (ಹುಬ್ಬಳ್ಳಿ)

ಹೊಂದೂದಿಲ್ಲ. ಅದು ಅಲೋಪೇಶಿಯಾ ಏರಿಯೇಟಾ. ಹುಳ ಇಲ್ಲ, ದೇಹದ ರಕ್ಷಣಾ ಕಣಗಳೇ ಬುಡದ ಮ್ಯಾಲ ಬೀಳ್ತಾವ. ಬೆಳ್ಳುಳ್ಳಿ ತಿಕ್ಕಿ ಸುಟ್ಕೊಂಡು ಬರಬ್ಯಾಡ್ರಿ. ಒಂದೆರಡು ಮಚ್ಚೆ ಇದ್ರ ಟ್ರಯಾಮ್ಸಿನೊಲೋನ್ ಇಂಜೆಕ್ಷನ್, ಮಿಲಿಗೆ 2.5ರಿಂದ 5 ಮಿ.ಗ್ರಾಂ., ಒಂದೊಂದು ಸೆಂ.ಮೀ.ಗೆ 0.1 ಮಿಲಿ, 4–6 ವಾರಕ್ಕೊಮ್ಮೆ. ಗಟ್ಟಿ ದ್ರಾವಣ ಮ್ಯಾಲಿನ ಪದರಕ್ಕ ಬಿದ್ರ ಅಲ್ಲಿ ಕುಳಿ ಬೀಳ್ತದ.

ಅರ್ಧ ತಲಿಗಿಂತ ಹೆಚ್ಚು ಹೋದವರಿಗೆ ಜಾಕ್ (ರಕ್ಷಣಾ ಕಣಗಳನ್ನ ಕೆರಳಿಸೋ ಕಿಣ್ವ) ತಡೆ ಮಾತ್ರೆ ಬಂದಾವ. ಬ್ಯಾರಿಸಿಟಿನಿಬ್ ಅಮೆರಿಕದಾಗ 2022ರ ಜೂನ್, ರಿಟ್ಲೆಸಿಟಿನಿಬ್ 2023ರ ಜೂನ್ (12 ವರ್ಷ ಮೇಲ್ಪಟ್ಟವರಿಗೆ), ಡ್ಯೂರುಕ್ಸೋಲಿಟಿನಿಬ್ 2024. ಬ್ಯಾರಿಸಿಟಿನಿಬ್ 4 ಮಿ.ಗ್ರಾಂ.ನ ಎರಡು ಪ್ರಯೋಗದಾಗ 36 ವಾರಕ್ಕ ತಲೆಯ 80% ಕೂದಲು ಬಂದವರು 38.8 ಮತ್ತ 35.9%; ಸುಳ್ಳು ಮಾತ್ರೆಯಾಗ 6.2 ಮತ್ತ 3.3%. ನಮ್ಮಲ್ಲಿ ಶುರು ಮಾಡೋ ಮೊದಲು ಟಿಬಿ ಪರೀಕ್ಷೆ ಬಿಡಾಕ ಬರೂದಿಲ್ಲ, ಅಡಗಿದ್ದ ಟಿಬಿ ಏಳ್ತದ. ಹೆಪಟೈಟಿಸ್ ಬಿ, ಸಿ, ಸಿಬಿಸಿ, ಲಿವರ್, ಕೊಲೆಸ್ಟರಾಲ್ ಸಹಿತ. ಮಾತ್ರೆ ಬಿಟ್ರ ಬಹಳ ಮಂದಿಗೆ ಮತ್ತ ಉದುರ್ತದ, ಇದನ್ನ ಮೊದಲ ದಿನಾನೇ ಹೇಳ್ಬೇಕು.

ಕಾಯೋ ಹಂಗಿಲ್ಲದ ಎರಡು: ಮಗುವಿನ ತಲೆಯಾಗ ಹೊಟ್ಟು, ಮುರಿದ ಕರೀ ಚುಕ್ಕಿ ಇದ್ರ ಅದು ಶಿಲೀಂಧ್ರ, ಬರೀ ಮುಲಾಮು ಸಾಲೂದಿಲ್ಲ, ವಾರಗಟ್ಟಲೆ ಮಾತ್ರೆ ಬೇಕು. ದೊಡ್ಡವರ ತಲೆಯಾಗ ಉರಿ, ನೋವು ಇದ್ದು ಬೋಳಾದ ಜಾಗ ರಂಧ್ರ ಇಲ್ಲದೇ ಹೊಳೀತಿದ್ರ ಅದು ಕಲೆ ಬೀಳೋ ಬಗೆ. 4 ಮಿ.ಮೀ. ಬಯಾಪ್ಸಿ ತಗದು ಔಷಧಿ ಶುರು ಮಾಡ್ಬೇಕು, ಹೋದ ಬುಡ ವಾಪಸ್ ಬರೂದಿಲ್ಲ.

ಸಾಗರದಾಚೆ (ನ್ಯೂಜೆರ್ಸಿ)

ಹೊಸ ಸಂಶೋಧನೆ ಏನಿದೆ? ಪಿಪಿ405 ಅಂತ ಎಲ್ಲೆಡೆ ಸುದ್ದಿ.

ಶೇಕಡಾವಾರು

ಪಿಪಿ405 ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬಂದದ್ದು. ಬುಡದ ಕಾಂಡಕೋಶಗಳೊಳಗೆ ಪೈರುವೇಟ್ ಮೈಟೊಕಾಂಡ್ರಿಯಾಕ್ಕೆ ಹೋಗೋದನ್ನ ತಡೆದು ಅವುಗಳನ್ನ ಎಬ್ಬಿಸೋ ಯೋಚನೆ. ಎರಡನೇ ಹಂತದ ಸಣ್ಣ ಪ್ರಯೋಗದ ಫಲಿತಾಂಶ ಹೇಳಿರೋದು ಅದನ್ನ ತಯಾರಿಸೋ ಕಂಪನಿಯೇ. ಕ್ಲಾಸ್ಕೊಟೆರೋನ್ ಅದಕ್ಕಿಂತ ಮುಂದಿದೆ: ಮೊಡವೆಗೆ 1% ಕ್ರೀಮ್ ಆಗಿ 2020ರಲ್ಲೇ ಒಪ್ಪಿಗೆ, ಕೂದಲಿಗೆ 5% ದ್ರಾವಣ ಮೂರನೇ ಹಂತದ ಪ್ರಯೋಗಕ್ಕೆ ಹೋಗಿದೆ. ಡಿಎಚ್‌ಟಿಯನ್ನ ಅದು ಬುಡದ ಹತ್ತಿರವೇ ತಡೆಯುತ್ತೆ.

ಉತ್ಸಾಹಕ್ಕೆ ಮುಂಚೆ ಸೆಟಿಪಿಪ್ರಾಂಟ್ ನೆನಪಿರಲಿ. 2012ರಲ್ಲಿ ಬೋಳು ಚರ್ಮದಲ್ಲಿ ಪ್ರೊಸ್ಟಾಗ್ಲಾಂಡಿನ್ ಡಿ2 ಅನ್ನೋ ರಾಸಾಯನಿಕ ಹೆಚ್ಚಿದೆ ಅಂತ ಕಂಡುಹಿಡಿದಾಗ ಅದನ್ನ ತಡೆಯೋ ಈ ಮಾತ್ರೆಯೇ ಉತ್ತರ ಅಂದ್ರು. ಸಿದ್ಧಾಂತ ಚಂದ ಇತ್ತು. ಎರಡನೇ ಹಂತದ ಪ್ರಯೋಗದಲ್ಲಿ ಸುಳ್ಳು ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಇನ್ನು ಲೇಸರ್ ಬಾಚಣಿಗೆ, ಟೋಪಿಗಳಿಗೆ "ಎಫ್‌ಡಿಎ ಕ್ಲಿಯರ್ಡ್" ಅಂತ ಬರೆದಿರೋದು ಔಷಧಿಗಳ ಅನುಮೋದನೆಯಂಥದ್ದಲ್ಲ. ಮಾರುಕಟ್ಟೆಯಲ್ಲಿ ಈಗಾಗಲೇ ಇರೋ ಸಾಧನಕ್ಕೆ ಇದು ಸರಿಸಮ ಅಂತ ತೋರಿಸಿದ್ರೆ ಅದು ಸಿಗುತ್ತೆ.

ಕಡಲತಡಿ (ಮಂಗಳೂರು)

ಒಂದು ಸಣ್ಣ ಪ್ರಶ್ನೆ, ಮನೆಯಲ್ಲಿ ಹಸುಗೂಸು ಮತ್ತು ಬೆಕ್ಕು ಎರಡೂ ಇದ್ದರೆ ಮಿನಾಕ್ಸಿಡಿಲ್ ಹಚ್ಚುವವರು ಏನು ಮಾಡಬೇಕು?

ಔಷಧಿ_ಕೌಂಟರ್

ಮಗುವಿನ ಕೆನ್ನೆ, ಕೈ ನಿಮ್ಮ ತಲೆಗೆ ತಾಗದಂತೆ ನೋಡ್ಕೊಳ್ಳಿ. ಹೀಗೆ ತಾಗಿ ಶಿಶುಗಳ ಮೈಮೇಲೆ ಕೂದಲು ಬೆಳೆದ ವರದಿಗಳಿವೆ. ತಾಗೋದು ನಿಂತ ಮೇಲೆ ಕೆಲವು ತಿಂಗಳಲ್ಲಿ ಹೋಗುತ್ತೆ. ಬೆಕ್ಕಿಗೆ ಅದು ವಿಷ, ದಿಂಬಿನ ಮೇಲೆ ಒರೆಸಿದ್ದು, ಚೆಲ್ಲಿದ ಹನಿ ನೆಕ್ಕಿದ್ರೂ ಸಾಯಬಹುದು. ಹಚ್ಚುವಾಗ ಬೆಕ್ಕನ್ನ ಕೋಣೆ ಆಚೆ ಹಾಕಿ, ಸಿಂಕ್ ತೊಳೀರಿ, ದಿಂಬಿನ ಕವರ್ ಬೇರೆ ಇಡಿ. ನೆಕ್ಕಿದ ಸಂಶಯ ಬಂದ್ರೆ ಲಕ್ಷಣ ಕಾಣೋವರೆಗೆ ಕಾಯದೆ ಪಶುವೈದ್ಯರ ಹತ್ರ ಓಡಿ, ಬಾಟಲಿಯನ್ನೂ ಜೊತೆಗೆ ತಗೊಂಡು ಹೋಗಿ.